ಸ್ಪಷ್ಟನೆ: ಆ ಎಚ್‌ಐವಿ ಲೆಕ್ಕ ಕೋಲಾರದ್ದಲ್ಲ

‘ಕೋಲಾರ ಜಿಲ್ಲೆಯಲ್ಲಿ 100 ಜನರಲ್ಲಿ 3 ಜನಕ್ಕೆ ಎಚ್‌ಐವಿ ಇದೆ, ಹೆಚ್ಚಿನವರು ಕಾಲೇಜು ಹುಡುಗರು’ ಎಂಬ ವಾಟ್ಸಾಪ್ ಸಂದೇಶ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓಡಾಡುತ್ತಿದೆ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ.

100ಕ್ಕೆ ಹತ್ತಿರಹತ್ತಿರ 3 ಇರುವುದು ಮಿಜೋರಾಂನಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2021ರ ಅಂದಾಜಿನಲ್ಲಿ ಅಲ್ಲಿ ಶೇ 2.70. ಪಕ್ಕದ ಆಂಧ್ರದಲ್ಲಿ ಶೇ 0.67, ಕರ್ನಾಟಕದಲ್ಲಿ 0.46, ಇಡೀ ದೇಶದಲ್ಲಿ 0.21. ಅಂದರೆ ನಮ್ಮ ರಾಜ್ಯದಲ್ಲಿ 1000ಕ್ಕೆ 5ಕ್ಕಿಂತ ಕಡಿಮೆ. ದೇಶದ ಸರಾಸರಿಗಿಂತ ಇದು ಜಾಸ್ತಿಯೇ, ಅದನ್ನು ಮುಚ್ಚಿಡಬೇಕಿಲ್ಲ.

ಇನ್ನು ವಯಸ್ಸಿನ ಮಾತು. ಈ ಲೆಕ್ಕ 15ರಿಂದ 49 ವರ್ಷದವರದ್ದು. ಎಷ್ಟೋ ವರ್ಷದ ಹಿಂದೆ ಸೋಂಕು ತಗುಲಿ, ದಿನಾ ಮಾತ್ರೆ ತಗೊಂಡು ಚೆನ್ನಾಗಿ ಬಾಳುತ್ತಿರುವವರೂ ಇದರಲ್ಲಿ ಸೇರುತ್ತಾರೆ. ಹಾಗಾಗಿ ಪ್ರಮಾಣ ಜಾಸ್ತಿ ಇರುವುದು ಮೂವತ್ತು ದಾಟಿದವರಲ್ಲಿ, ಹದಿಹರೆಯದವರಲ್ಲಲ್ಲ. ಸುಮ್ನೆ ಕಾಲೇಜು ಮಕ್ಕಳ ಮೇಲೆ ಹೊರಿಸಿದರೆ ಆ ಮಕ್ಕಳಿಗೆ ಎಷ್ಟು ನೋವಾಗುತ್ತೆ, ಅಲ್ವಾ?

ಅನುಮಾನ ಇದ್ದವರಿಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿ ಇಡುತ್ತಾರೆ. ಮೊದಲು ಮಾತಾಡಬೇಕು ಅನಿಸಿದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ.