ಎಷ್ಟು ದಿನದಿಂದ ಹೀಗಿದೆ?

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾನು ನೆಲೆಸಿ ಒಂಬತ್ತು ವರ್ಷವಾಯಿತು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಅಪ್ಪ ತೀರಿಕೊಂಡ ವರ್ಷದ ಚಳಿಗಾಲದಲ್ಲಿ ಹಾಸಿಗೆ ಬಿಟ್ಟು ಏಳುವುದೇ ನನಗೆ ಭಾರವಾಯಿತು. ಊಟ ಸೇರುತ್ತಿರಲಿಲ್ಲ. ನಸುಕಿನ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ.

ಕೊನೆಗೆ ವೈದ್ಯರ ಬಳಿ ಹೋದೆ. ಅವರು ಖಿನ್ನತೆ ಎಷ್ಟಿದೆ ಎಂದು ತಿಳಿಯಲು ಒಂಬತ್ತು ಪ್ರಶ್ನೆಗಳ ಹಾಳೆ ಕೊಟ್ಟರು. ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಯಾವ ಕೆಲಸದಲ್ಲೂ ಮನಸ್ಸಿರಲಿಲ್ಲ, ಎಷ್ಟು ದಿನ ನಿದ್ದೆ ಕೆಟ್ಟಿತ್ತು, ಎಷ್ಟು ದಿನ ನಿಮ್ಮ ಬಗ್ಗೆಯೇ ನಿಮಗೆ ಕೀಳೆನಿಸಿತ್ತು? ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಂಬತ್ತನೆಯದು, ಸತ್ತುಹೋದರೆ ಒಳ್ಳೆಯದು ಎನಿಸಿತ್ತೇ ಎಂಬುದು. ಅದನ್ನು ಅವರು ಮುಖ ನೋಡಿ, ಬಾಯಿಬಿಟ್ಟು ಕೇಳಿದರು. ನಾನು ಅತ್ತುಬಿಟ್ಟೆ. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಹೀಗೆ ಕೇಳಿದರೆ ಇಲ್ಲದ ವಿಚಾರವನ್ನು ತಲೆಯೊಳಗೆ ತುಂಬಿದಂತೆ ಎಂಬ ಅಂಜಿಕೆ ನಮ್ಮ ಕಡೆ ಇದೆ. ಅದು ತಪ್ಪು. ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ; ಒಳಗೊಳಗೇ ಬೇಯುತ್ತಿರುವವರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಆದರೆ ಹೇಳಿಕೊಂಡು ಮನೆಗೆ ಬಂದ ಮೇಲೆ ಅಲ್ಲಿ ನಾನು ಒಬ್ಬನೇ. ಆಪ್ತಸಮಾಲೋಚನೆಗೆ ವಾರಗಟ್ಟಲೆ ಕಾದೆ. ಆಮೇಲೆ ಫೋನಿನಲ್ಲಿ ಸಿಕ್ಕವರು ಹೇಳಿದ್ದು ಬಹಳ ಸರಳ: ಮನಸ್ಸು ಬರಲೆಂದು ಕಾಯಬೇಡಿ, ಸಣ್ಣ ಕೆಲಸವೊಂದನ್ನು ಮೊದಲು ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ. ಸ್ನಾನ, ಹದಿನೈದು ನಿಮಿಷದ ನಡಿಗೆ, ಒಬ್ಬರ ಜೊತೆ ಮಾತು ಎಂದು ದಿನಕ್ಕಿಷ್ಟು ಬರೆದಿಟ್ಟೆ. ಬರೆದ ಹಾಳೆ ಮೇಜಿನ ಮೇಲೆಯೇ ಉಳಿಯಿತು. ಬಾಗಿಲು ಬಡಿಯುವವರು ಯಾರೂ ಇರಲಿಲ್ಲ.

ಜನವರಿಯಲ್ಲಿ ಧಾರವಾಡಕ್ಕೆ, ಮಾಳಮಡ್ಡಿಯ ಕಾಕಾನ ಮನೆಗೆ ಬಂದೆ. ಕಾಕೂ ಏನನ್ನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ತೊಗರಿಕಾಯಿ ತುಂಬಿದ ಮೊರವನ್ನು ಮುಂದಿಟ್ಟು, ‘ಇಲ್ಲೇ ಕುಳಿತು ಸುಲಿ’ ಎಂದಳು. ಸಂಜೆ ಕಾಕಾ ಕೆಲಗೇರಿ ಕೆರೆಯ ದಂಡೆಗೆ ಕರೆದೊಯ್ದ. ಬರುವುದಿಲ್ಲ ಎಂದರೆ ಚಪ್ಪಲಿ ತಂದಿಟ್ಟು ಬಾಗಿಲಲ್ಲೇ ನಿಲ್ಲುತ್ತಿದ್ದ. ಹಾಳೆಯಲ್ಲಿ ಬರೆದು ಮಾಡಲಾಗದ್ದನ್ನೆಲ್ಲ ಅವರಿಬ್ಬರು ಎಂಟು ದಿನಗಳಲ್ಲಿ ನನ್ನಿಂದ ಮಾಡಿಸಿದರು.

ಅದೇ ಮನೆಗೆ ಬಂದ ನೆಂಟರು, ‘ಕೈತುಂಬ ಪಗಾರ, ಪರದೇಶದಲ್ಲಿ ಮನೆ, ನಿನಗೇನು ಕಡಿಮೆಯಾಗಿದೆ?’ ಎಂದರು. ಪ್ರೀತಿಯಿಂದಲೇ ಅಂದ ಮಾತು. ಆದರೂ ಅದನ್ನು ಕೇಳಿದ ಮೇಲೆ ಬಾಯಿ ಬಿಡುವುದು ಸಾಧ್ಯವಿಲ್ಲ. ದುಃಖದ ಜೊತೆ ನಾಚಿಕೆಯೂ ಸೇರಿಕೊಳ್ಳುತ್ತದೆ. ನಾವು ಬಿಡಬೇಕಾದ ಮಾತು ಇದೊಂದೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಅದರ ಜಾಗದಲ್ಲಿ ‘ಎಷ್ಟು ದಿನದಿಂದ ಹೀಗಿದೆ?’ ಎಂದು ಕೇಳೋಣ. ಎರಡು ವಾರ ದಾಟಿಯೂ ಇಡೀ ದಿನ ಮಂಕು ಕವಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು; ಸಾಯುವ ಮಾತು ಬಂದರೆ ಅದೇ ದಿನ.

ತೋರಿಸಲು ದೂರವೂ ಹೋಗಬೇಕಿಲ್ಲ. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನ ಡಿಮ್ಹಾನ್ಸ್ ಎನ್ನುವುದು, ಧಾರವಾಡದಲ್ಲೇ ಇದೆ. ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬ ಕುಹಕವನ್ನು ಕೇಳುತ್ತ ಬೆಳೆದವನು ನಾನು. ಆ ಮಾತಿಗೆ ಅಂಜಿ ಎಷ್ಟು ಜನ ಅದರ ಗೇಟಿನವರೆಗೂ ಹೋಗದೆ ಉಳಿದರೋ ಎಂದು ನೆನೆದರೆ ಸಂಕಟವಾಗುತ್ತದೆ. ಹೋಗಲು ಧೈರ್ಯವಾಗದವರಿಗೆ 14416 ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ ಅದು. ಹಗಲು ರಾತ್ರಿ, ಪುಕ್ಕಟೆಯಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಹೋದ ತಿಂಗಳು ಕಾಕಾನ ಮಗ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದ. ‘ಎಷ್ಟು ದಿನದಿಂದ, ತಮ್ಮಾ?’ ಎಂದೆ.

‘ದೀಪಾವಳಿಯಿಂದ, ಅಣ್ಣಾ’ ಎಂದ. ಆ ರಾತ್ರಿಯೇ ಕಾಕೂ ಅವನ ಪಕ್ಕದಲ್ಲಿ ಕುಳಿತು ಆ ನಂಬರಿಗೆ ಕರೆ ಮಾಡಿಸಿದಳು.