ಮೂರನೇ ಸಲವಂತೆ, ಇನ್ನು ಪೊಲೀಸರು ಬರಲ್ಲವಂತೆ

ಬ್ರಿಟನ್ನಿನ ನಮ್ಮ ಮನೆಗೆ, ಕಳ್ಳರ ಅಲಾರಂನಿಂದ ಇದು ಮೂರನೇ ಸುಳ್ಳು ಕರೆ ಅಂತ ಕಾಗದ ಬಂತು. ಲೆವೆಲ್ 3. ಅಂದರೆ ಇನ್ನು ನಮ್ಮ ಮನೆ ಅಲಾರಂ ಗಂಟಲು ಹರಿದುಕೊಂಡು ಕೂಗಿದರೂ ಒಬ್ಬ ಪೊಲೀಸೂ ಈ ಕಡೆ ತಲೆ ಹಾಕುವುದಿಲ್ಲ. ಜೊತೆಗೆ "ಕಾರಣ: ಬಳಕೆದಾರರು" ಅಂತ ಬೇರೆ ಬರೆದಿದ್ದಾರೆ. ಯಾವ ಬಳಕೆದಾರರು ಸ್ವಾಮಿ? ಬಲೂನಾ?

ಓದಿದಾಗಿನಿಂದ ತಲೆ ಕೆಟ್ಟು ಕೂತಿದ್ದೇನೆ. ಅಡುಗೆ ಆಗಿಲ್ಲ. ಮೊದಲು ಇದನ್ನು ಬರೆದು ಹಾಕುತ್ತೇನೆ, ಅನ್ನ ಆಮೇಲೆ.

ಅವತ್ತು ಮಗಳ ಹುಟ್ಟುಹಬ್ಬ. ಸಂಜೆ ಊಟಕ್ಕೆ ಹೊರಗೆ ಹೋಗಿದ್ದೆವು. ಅಲಾರಂ ಮೇಲೆ ಕಣ್ಣಿಡುವ ಮಾನಿಟರಿಂಗ್ ಸೆಂಟರ್‌ನಿಂದ ಫೋನ್. ಎರಡು ಸೆನ್ಸರ್ ಹೊಡೆದಿವೆ, ಪೊಲೀಸರಿಗೆ ತಿಳಿಸಿದ್ದೇವೆ, ತಕ್ಷಣ ಬನ್ನಿ. ಕಲಸಿದ ಅನ್ನ ತಟ್ಟೆಯಲ್ಲೇ ಬಿಟ್ಟು ಎದ್ದೆವು. ಕಾರಿನಲ್ಲಿ ನನ್ನ ಕಣ್ಣ ಮುಂದೆ ಬರೀ ಅಮ್ಮನ ಅವಲಕ್ಕಿ ಸರ, ಅತ್ತೆಯ ಬಳೆ. ದಾರಿಯುದ್ದಕ್ಕೂ ಬನಶಂಕರಿಗೆ ಹರಕೆ ಹೊತ್ತೆ.

ನಮ್ಮ ಬೀದಿಗೆ ತಿರುಗಿದರೆ ನೀಲಿ ದೀಪ ತಿರುಗುತ್ತಿದೆ. ಎದುರು ಮನೆಯವರು, ಪಕ್ಕದ ಮನೆಯವರು, ನಾನು ಇಷ್ಟು ವರ್ಷ ಮುಖವನ್ನೇ ನೋಡಿರದ ಕೊನೆಯ ಮನೆಯವರು, ಎಲ್ಲರೂ ಆಚೆ. ಕೀ ಕೊಟ್ಟೆ. ನೀವು ಇಲ್ಲೇ ಇರಿ ಅಂದು ಇಬ್ಬರು ಪೊಲೀಸರು ಒಳಗೆ ಹೋದರು. ನಾನು ರೇಷ್ಮೆ ಸೀರೆ ಮೇಲೆ ಚಳಿ ಜಾಕೆಟ್ ಹಾಕಿಕೊಂಡು, ಹೆಣ್ಣು ನೋಡಲು ಬಂದವರ ಮುಂದೆ ನಿಂತ ಹಾಗೆ ಫುಟ್‌ಪಾತ್ ಮೇಲೆ ನಿಂತಿದ್ದೇನೆ. ಮೇಲಿನ ಕೋಣೆಯ ಕಿಟಕಿಯಲ್ಲಿ ಟಾರ್ಚ್ ಬೆಳಕು ಓಡಾಡಿತು. ಪಕ್ಕದ ಮನೆ ಅಜ್ಜಿ ನನ್ನ ಕೈ ಹಿಡಿದು ಸಮಾಧಾನ ಮಾಡುತ್ತಿದ್ದರು.

ಆಮೇಲೆ ಆ ಪೊಲೀಸರಲ್ಲಿ ಒಬ್ಬ ಆಚೆ ಬಂದ. ಕೈಯಲ್ಲಿ ದಾರ. ದಾರದ ತುದಿಯಲ್ಲಿ ಬಂಗಾರದ ಬಣ್ಣದ ದೊಡ್ಡ 5. ನಾವೇ ಕಟ್ಟಿದ್ದ ಹೀಲಿಯಂ ಬಲೂನು! "ಇವನೇ ನೋಡಿ ನಿಮ್ಮ ಕಳ್ಳ. ಮೆಟ್ಟಿಲ ಮೇಲೆ ಸಿಕ್ಕಿಬಿದ್ದ" ಅಂದ. ಜೋರಾಗಿಯೇ ಅಂದ. ಬೀದಿಯೆಲ್ಲ ನಕ್ಕಿತು. ಕೈ ಹಿಡಿದಿದ್ದ ಅಜ್ಜಿಯೂ ನಕ್ಕರು. ಅದೇ ಹೊತ್ತಿಗೆ ಕಾರಿನೊಳಗಿಂದ ನನ್ನ ಮಗಳು "ಅದು ನಂದು! ನಂದು!" ಅಂತ ಕಿರುಚಬೇಕಾ?

ನಾನೇನು ಮಾಡಿದೆ ಗೊತ್ತಾ? ಸಾರಿ ಅಂದೆ. ಪೊಲೀಸರಿಗೆ ಸಾರಿ, ಅಜ್ಜಿಗೆ ಸಾರಿ, ಕೊನೆಯ ಮನೆಯವರಿಗೂ ಸಾರಿ. ಸಾಲದ್ದಕ್ಕೆ "ಕೇಕ್ ತಿಂತೀರಾ?" ಅಂತ ಕೇಳಿದೆ. ಕಳ್ಳನನ್ನು ಹಿಡಿಯಲು ಬಂದವರಿಗೆ! ಪುಣ್ಯಕ್ಕೆ ಬೇಡ ಅಂದರು. ಒಳಗೆ ಹೋಗಿ ನೋಡಿದರೆ ಕೇಕೂ ಉಳಿದಿರಲಿಲ್ಲ.

ಈಗ ನೀವು, ಮನೆಯಲ್ಲಿ ಬಲೂನ್ ಬಿಟ್ಟು ಹೋದರೆ ಇನ್ನೇನಾಗುತ್ತೆ ಅನ್ನಬಹುದು. ಅಲ್ಲೇ ಇರೋದು ನನ್ನ ಸಿಟ್ಟು. ಆ ಸೆನ್ಸರ್ ಇರೋದು ಎಲ್ಲಿ? ಕೋಣೆ ಬೆಚ್ಚಗಿಡುವ ಹೀಟರ್, ಅಂದರೆ ರೇಡಿಯೇಟರ್‌ಗೆ ಮುಖ ಮಾಡಿಕೊಂಡು. ಅದು ನೋಡೋದೇ ಬಿಸಿ ತಣ್ಣಗಿನ ಚಲನೆಯನ್ನು. ಹೀಟರ್ ಹೊತ್ತಿಕೊಂಡರೆ ಬಿಸಿಗಾಳಿ ಏಳುತ್ತೆ, ಹಗುರವಾದದ್ದೆಲ್ಲ ತೇಲಾಡುತ್ತೆ. ಬಲೂನು ಹಾಲ್‌ನಲ್ಲಿ ಒಂದು ಸೆನ್ಸರ್ ಮುಂದೆ ತೇಲಿ, ಮೆಟ್ಟಿಲ ಹತ್ತಿರ ಇನ್ನೊಂದರ ಮುಂದೆ ತೇಲಿ ಹೋಗಿದೆ. ಇಲ್ಲಿ ಪೊಲೀಸರು ಬರಬೇಕಾದರೆ ಒಂದು ಸೆನ್ಸರ್ ಹೊಡೆದರೆ ಸಾಲದು, ಇನ್ನೊಂದು ಅದನ್ನು ಖಚಿತಪಡಿಸಬೇಕು. ಹೊಸ ಅಲಾರಂಗಳಿಗೆ 2001ರಿಂದ ಈ ನಿಯಮ. ಸುಳ್ಳು ಕರೆ ಕಮ್ಮಿ ಆಗಲಿ ಅಂತಲೇ ಮಾಡಿದ್ದು. ನಮ್ಮನೆ ಬಲೂನು ನಿಯಮ ಓದಿಕೊಂಡು ಹಾರಿದೆ.

ರೇಡಿಯೇಟರ್ ಎದುರು ಸೆನ್ಸರ್ ಹಾಕಬಾರದು ಅನ್ನೋದು ಆ ಸೆನ್ಸರ್ ಜೊತೆ ಬರುವ ಕೈಪಿಡಿಯಲ್ಲೇ ಇದೆ. ಹಾಕಿದ್ದು ನಾನಾ?

ಸರಿ, ಇದು ಮೂರನೆಯದು. ಮೊದಲ ಎರಡು ಯಾರದ್ದು? ಮೊದಲನೆಯದು ಅಲಾರಂ ಹಾಕಿದ ಕಂಪನಿಯದೇ ಎಂಜಿನಿಯರ್. ವರ್ಷದ ಸರ್ವೀಸ್‌ಗೆ ಬಂದವನು ಸೆಂಟರ್‌ಗೆ "ಟೆಸ್ಟ್ ಮಾಡ್ತಿದ್ದೇನೆ" ಅಂತ ಹೇಳುವುದನ್ನೇ ಮರೆತ. ಪೊಲೀಸರು ಬಂದಾಗ ಅವನು ನಮ್ಮ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದ. ಎರಡನೆಯದು ಗಾಳಿಗೆ ಹಿಂಬಾಗಿಲು ಅಲುಗಾಡಿ ಬಾಗಿಲು ತೆರೆದರೆ ತಿಳಿಸುವ ಅದರ ಕಾಂಟ್ಯಾಕ್ಟ್ ಬಿಟ್ಟುಕೊಂಡದ್ದು, ಮೇಲಿಂದ ಸೆನ್ಸರ್ ಮೇಲೆ ಜೇಡ ಓಡಾಡಿದ್ದು. ಆ ಬಾಗಿಲು ಸಡಿಲ ಅಂತ ಮುಂಚೆಯೇ ಹೇಳಿದ್ದೆ. ಲೆಕ್ಕದಲ್ಲಿ ಮಾತ್ರ ಮೂರೂ ನಮ್ಮ ಮನೆ ನಂಬರಿಗೆ. ಹನ್ನೆರಡು ತಿಂಗಳೊಳಗೆ ಮೂರು ಸುಳ್ಳು ಕರೆ ಆದರೆ ಪೊಲೀಸ್ ಬರುವುದು ರದ್ದು. ಯಾರು ಮಾಡಿದರು ಅಂತ ಯಾರೂ ಕೇಳಲ್ಲ.

ಪೊಲೀಸರನ್ನು ಬೈಯಲು ಮನಸ್ಸು ಬರಲ್ಲ. ಇರುವ ನಾಲ್ಕು ಜನ ಬಲೂನು ಹಿಡಿಯಲು ಓಡಾಡಿದರೆ ನಿಜವಾಗಿ ಕಷ್ಟದಲ್ಲಿರುವವರ ಗತಿ ಏನು? ಅಮೆರಿಕದ ಸಿಯಾಟಲ್‌ನಲ್ಲಿರುವ ನನ್ನ ಅಣ್ಣನೂ ಅದನ್ನೇ ಹೇಳಿದ. ಅಲ್ಲಿ 2023ರಲ್ಲಿ 13,000 ಅಲಾರಂ ಕರೆ ಬಂದು, ಅಪರಾಧ ಅಂತ ಖಚಿತವಾದದ್ದು ಶೇ 4ಕ್ಕಿಂತ ಕಮ್ಮಿಯಂತೆ. 2024ರ ಅಕ್ಟೋಬರ್‌ನಿಂದ ವಿಡಿಯೊನೋ, ಕಣ್ಣಾರೆ ಕಂಡವರೋ, ಏನಾದರೂ ಆಧಾರ ಇಲ್ಲದೆ ಕಂಪನಿ ಕರೆದರೆ ಪೊಲೀಸರು ಹೊರಡುವುದೇ ಇಲ್ಲ. ಸರಿಯಾದ ಮಾತೇ. ಒಪ್ಪುತ್ತೇನೆ.

ಇಲ್ಲ, ಒಪ್ಪಲ್ಲ! ಹಾಗಾದರೆ ನಾನು ತಿಂಗಳು ತಿಂಗಳು ದುಡ್ಡು ಕಟ್ಟುತ್ತಿರುವುದು ಯಾತಕ್ಕೆ? ಮಾನ್ಯತೆ ಇರುವ ಕಂಪನಿಯಿಂದಲೇ ಹಾಕಿಸಬೇಕು ಅಂದರು, ಹಾಕಿಸಿದೆ. ಅಲಾರಂಗೆ ಪೊಲೀಸರು ಕೊಡುವ ಯುಆರ್‌ಎನ್ ಅನ್ನೋ ಗುರುತಿನ ನಂಬರ್ ಬೇಕು ಅಂದರು, ಶುಲ್ಕ ಕಟ್ಟಿದೆ. 20 ನಿಮಿಷದಲ್ಲಿ ಬಂದು ಬಾಗಿಲು ತೆರೆಯುವ ಇಬ್ಬರು ಕೀ ಹೋಲ್ಡರ್ ಬೇಕು ಅಂದರು. ಇಲ್ಲಿ 20 ನಿಮಿಷದೊಳಗೆ ನನಗೆ ಯಾರಿದ್ದಾರೆ? ಇಲ್ಲೇ ಹತ್ತಿರ ಇರುವ ದಾವಣಗೆರೆಯ ಒಬ್ಬ ಹುಡುಗನ ಕೈಕಾಲು ಹಿಡಿದು ಹೆಸರು ಕೊಟ್ಟೆ. ಅವನೂ ಈಗ ಕೆಲಸ ಬದಲಿಸಿ ಮ್ಯಾಂಚೆಸ್ಟರ್‌ಗೆ ಹೊರಟಿದ್ದಾನೆ.

ಇದೆಲ್ಲ ಚಿನ್ನಕ್ಕೆ. ದೀಪಾವಳಿ ಬಂದರೆ ಇಲ್ಲಿನ ಪೊಲೀಸರೇ ನಮ್ಮಂಥವರಿಗೆ ಒಡವೆ ಹುಷಾರು ಅಂತ ಹೇಳುತ್ತಾರೆ. ಲಾಕರ್‌ನಲ್ಲಿ ಇಡೋಣ ಅಂದರೆ ದೊಡ್ಡ ಬ್ಯಾಂಕುಗಳು ಬಹುತೇಕ ಲಾಕರ್ ಕೊಡುವುದನ್ನೇ ಬಿಟ್ಟಿವೆ. ವಿಮೆಯವರು ಪೊಲೀಸ್ ಬರುವ ಅಲಾರಂ ಇದ್ದರೆ ಮಾತ್ರ ಒಡವೆಗೆ ವಿಮೆ ಅಂದಿದ್ದಾರೆ. ಈಗ ಅವರಿಗೂ ಫೋನ್ ಮಾಡಿ ಬಲೂನ್ ಕಥೆ ಹೇಳಬೇಕು.

ಮೂರು ತಿಂಗಳು ಒಂದೂ ಸುಳ್ಳು ಕರೆ ಇಲ್ಲದೆ ಕಳೆದು, ಕಂಪನಿಯವರು ಅದಕ್ಕೆ ಸಾಕ್ಷಿ ಕೊಟ್ಟರೆ ಮತ್ತೆ ಲೆವೆಲ್ 1, ಅಂದರೆ ಪೊಲೀಸರು ಬರುವ ಲೆವೆಲ್, ಸಿಗುತ್ತದಂತೆ. ಕಂಪನಿಯವರು ಆಗಲೇ ಹೊಸ ಸೆನ್ಸರ್‌ಗೆ ರೇಟು ಕಳಿಸಿದ್ದಾರೆ. ಶಾಖ ನೋಡುವುದು, ಮೈಕ್ರೊವೇವ್ ಅಲೆಯಿಂದ ಚಲನೆ ನೋಡುವುದು, ಎರಡೂ ಒಪ್ಪಿದರೆ ಮಾತ್ರ ಹೊಡೆಯುವಂಥದ್ದು. ತಪ್ಪು ಜಾಗದಲ್ಲಿ ಹಾಕಿದ್ದು ಅವರು, ಬದಲಿಸಲು ದುಡ್ಡು ನನ್ನದು. ಕಟ್ಟುತ್ತೇನೆ ಬಿಡಿ. ಬೇರೆ ದಾರಿ ಏನಿದೆ?

ಅಲ್ಲಿಯವರೆಗೆ ಕಳ್ಳ ಬಂದರೆ ಯಾರಾದರೂ ಕಣ್ಣಾರೆ ನೋಡಿ 999ಕ್ಕೆ ಕರೆ ಮಾಡಬೇಕು. ಅಂದರೆ ಆ ನಕ್ಕ ಅಜ್ಜಿ. ನಾಳೆ ಅವರಿಗೆ ಕೋಡುಬಳೆ ಕೊಟ್ಟು ಬರುತ್ತೇನೆ.

ಈ ದೇಶದಲ್ಲಿರುವ ಕನ್ನಡದವರು ಯಾರಾದರೂ ಉತ್ತರ ಹೇಳಿ. ಎಂಜಿನಿಯರ್ ಮಾಡಿದ ಸುಳ್ಳು ಕರೆಯನ್ನು ಲೆಕ್ಕದಿಂದ ತೆಗೆಸಿದವರು ಇದ್ದೀರಾ? ಯಾರಿಗೆ ಬರೆದಿರಿ? ಕಂಪನಿ ಬದಲಿಸಿದರೆ ಹಳೆಯ ಮೂರು ನಮ್ಮ ಬೆನ್ನಿಗೇ ಇರುತ್ತಾ? ಮತ್ತೆ ದಯವಿಟ್ಟು "ಸುಮ್ನೆ ಒಂದು ನಾಯಿ ಸಾಕಿ" ಅಂತ ಮಾತ್ರ ಬರೆಯಬೇಡಿ. ಅದನ್ನು ನಮ್ಮ ಯಜಮಾನರು ಆಗಲೇ ಹೇಳಿ, ಬೈಸಿಕೊಂಡು, ಮಹಡಿ ಮೇಲೆ ಹೋಗಿ ಕೂತಿದ್ದಾರೆ.