ಮಧ್ಯಾಹ್ನ ನಾರ್ಮಲ್, ಮುಂಜಾನಿ 27!
ದವಾಖಾನ್ಯಾಗ ಒಮ್ಮೆ ಕಣ್ಣಿನ ಪ್ರೆಶರ್ ನೋಡಿದ್ರ ಸಾಲಲ್ಲ, ದಿನದಾಗ ಏರಿಳೀತದ ಅಂತ ಬರ್ದೀರಲ್ರಿ, ಖರೇ ಅದ. ನಮ್ಮವ್ವಗ ಆ್ಯಂಗಲ್ ಕ್ಲೋಶರ್ ಗ್ಲಾಕೋಮಾ (ಕಣ್ಣಿನೊಳಗಿನ ನೀರು ಹೋಗೋ ದಾರಿ ಮುಚ್ಚಿ ಪ್ರೆಶರ್ ಏರೋ ಬ್ಯಾನಿ), ಆಳಂದದಿಂದ ಬಸ್ ಹಿಡ್ದು ಕಲಬುರಗಿಗಿ ಬರೋದ್ರಾಗ ಹನ್ನೆರಡು ಹೊಡೀತಿತ್ತು, ಆವಾಗ ನೋಡಿದ್ರ 18, ನಾರ್ಮಲ್ ಅಂತ ಕಳಿಸ್ತಿದ್ರು, ಆದ್ರ ಅಕಿಗಿ ಸಂಜಿ ಕತ್ತಲಾತಂದ್ರ ಹುಬ್ಬಿನ ಮ್ಯಾಲ ನೋವು, ಬಲ್ಬಿನ ಸುತ್ತ ಬಣ್ಣದ ಬಳಿ ಕಾಣ್ತಾವ ಅಂತಿದ್ಳು, ನಾವು ಶ್ಯಾಣ್ಯಾರು ಚಷ್ಮಾ ನಂಬರ್ ಬದಲಾಗ್ಯಾದ ಅಂದ್ಕೊಂಡ್ವಿ. ಕತ್ತಲ್ಯಾಗ ಕಣ್ಣಿನ ಪಾಪಿ ಅಗಲ ಆಗಿ ಒಳಗಿನ ನೀರು ಹೊರಗ ಹೋಗೋ ಮೂಲಿನೇ ಮುಚ್ತದಂತ. ಕಡೀಕ ಒಂದಿನ ಮುಂಜಾನಿಂದ ಸಂಜಿತನ ಕೂಡಿಸಿ ಎರಡೆರಡು ತಾಸಿಗೊಮ್ಮೆ ನೋಡಿದ್ರು, ಮುಂಜಾನಿ 8 ಗಂಟೆಕ್ಕ 27! ಲೇಸರ್ ಮಾಡ್ಸೀವಿ, ಡ್ರಾಪ್ಸೂ ನಡ್ದಾವ. ನೆಗಡಿ ಗುಳಿಗಿ ಮಾತ್ರ ಕೇಳ್ದೆ ತಗೋಬ್ಯಾಡ, ಅದ್ರಿಂದನೂ ಕಣ್ಣಿನ ಪಾಪಿ ಅಗಲ ಆಗಬಹುದು ಅಂದಾರ, ಅವ್ವ ಎಲ್ಲಿ ಕೇಳ್ತಾಳ್ರಿ.